ನಾಗವಲ್ಲಿಯ ಗದ್ದಲದಲ್ಲಿ ಕಳೆದುಹೋದ ಗಂಗಾ

‘ಆಪ್ತಮಿತ್ರ’ ತೆರೆಗೆ ಬಂದು ಎರಡು ದಶಕ ದಾಟಿತು. ಮೂಲಕ್ಕೆ ನಿಷ್ಠವೋ ಅಲ್ಲವೋ ಎಂದು ತೂಗಿದವರು, ಯಾವ ಭಾಷೆಯ ನಾಗವಲ್ಲಿ ಹೆಚ್ಚು ಎಂದು ವಾದಿಸಿದವರು, ಶಾಪವೆಂದು ಹೆದರಿದವರು ಎಲ್ಲರೂ ಆ ಸಿನಿಮಾದ ಬಗ್ಗೆ ಮಾತಾಡಿದರು. ಆದರೆ ಸಿನಿಮಾ ಯಾರ ಬಗ್ಗೆ ಇತ್ತೋ ಅವಳನ್ನು ಮಾತ್ರ ಹೆಚ್ಚಿನವರು ಮರೆತರು.

ಮಂಚ ಎತ್ತುವ ದೃಶ್ಯ ಯಾರಿಗೆ ನೆನಪಿಲ್ಲ? ಪೇಟೆಗೆ ಹೊರಟು ನಿಂತ ಹೆಂಡತಿ ಗಂಗಾಳಿಗೆ ಗಂಡ ‘ಈಗ ಬೇಡ’ ಅನ್ನುತ್ತಾನೆ. ಅವಳು ಯಾಕೆ ಎಂದು ಕೇಳುತ್ತಾಳೆ. ಮತ್ತೆ ಕೇಳುತ್ತಾಳೆ. ಅಷ್ಟರಲ್ಲಿ ದನಿ ಅವಳದ್ದಾಗಿ ಉಳಿದಿರುವುದಿಲ್ಲ. ಕಣ್ಣು ಅರಳಿ, ಹುಬ್ಬು ಗಂಟಿಕ್ಕಿ, ಕೈ ಮಂಚದ ಅಂಚಿಗೆ ಹೋಗುತ್ತದೆ. ನಾಲ್ಕು ಆಳು ಸೇರಿ ಎತ್ತಬೇಕಾದ ಮಂಚ ಅವಳ ಕೈಯಲ್ಲಿ ಮೇಲೇಳುತ್ತದೆ. ಗಂಡ ಹೆಸರು ಹಿಡಿದು ಕೂಗಿದ ಮೇಲೆ ಆ ಬಿರುಗಾಳಿ ಇಳಿಯುತ್ತದೆ; ಆಗಿದ್ದೇನೆಂದು ತಿಳಿಯದೆ ಅವಳೇ ಕಂಗಾಲಾಗಿ ನಿಲ್ಲುತ್ತಾಳೆ.

2004ರಲ್ಲಿ ಮಂಡ್ಯದ ಚಿತ್ರಮಂದಿರವೊಂದರಲ್ಲಿ ನಾನು ಆ ದೃಶ್ಯ ನೋಡಿದೆ. ಇಡೀ ಟಾಕೀಸು ಉಸಿರು ಬಿಗಿಹಿಡಿದಿತ್ತು. ಪಕ್ಕದಲ್ಲಿದ್ದ ಅಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ ಕಣೋ, ಎಂಥಾ ಹುಡುಗಿ, ಹಿಂಗಾಗೋಯ್ತಲ್ಲ” ಎಂದಳು. ಅಮ್ಮ ಅತ್ತಿದ್ದು ಗಂಗಾಳಿಗಾಗಿ ಅಲ್ಲ, ಆ ಪಾತ್ರ ಮಾಡಿದ್ದ ಸೌಂದರ್ಯಾಗಾಗಿ. ಆ ವರ್ಷದ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಪುಟ್ಟ ವಿಮಾನ ಸ್ವಲ್ಪ ಹೊತ್ತಿಗೇ ನೆಲಕ್ಕಪ್ಪಳಿಸಿ ಸೌಂದರ್ಯಾ ತೀರಿಕೊಂಡಿದ್ದರು. ‘ಆಪ್ತಮಿತ್ರ’ ತೆರೆಕಂಡದ್ದು ಆಗಸ್ಟ್ 27ರಂದು. ನಾಗವಲ್ಲಿಯೆಂಬ ಸತ್ತ ನರ್ತಕಿ ಬದುಕಿದ್ದವಳ ಮೈಮೇಲೆ ಬರುವ ಕಥೆಯನ್ನು, ಆಗಲೇ ಇಲ್ಲವಾಗಿದ್ದ ನಟಿಯ ಮುಖದಲ್ಲಿ ಕನ್ನಡಿಗರು ನೋಡಿದರು. ಬೇರೆ ಯಾವ ಭಾಷೆಯ ಪ್ರೇಕ್ಷಕರಿಗೂ ಈ ಕಥೆ ಇಂಥ ಸಂಕಟದೊಂದಿಗೆ ತಲುಪಿರಲಿಲ್ಲ. ಕನ್ನಡ ರೀಮೇಕನ್ನು ಜನ ಹೇಗೆ ಸ್ವೀಕರಿಸಿದರು ಎಂಬ ಚರ್ಚೆ ಇಲ್ಲಿಂದಲೇ ಶುರುವಾಗಬೇಕು.

ಚಿತ್ತಾರದ ಬೀಗ

ಮೂಲ ಕಥೆ ಕೇರಳದ್ದು. 1993ರ ಡಿಸೆಂಬರ್ ಕೊನೆಯಲ್ಲಿ ಬಂದ ಮಲಯಾಳದ ‘ಮಣಿಚಿತ್ರತ್ತಾಳ್’ಗೆ ಫಾಝಿಲ್ ನಿರ್ದೇಶಕ, ಮಧು ಮುಟ್ಟಂ ಕಥೆಗಾರ. ಹೆಸರಿನ ಅರ್ಥ ಚಿತ್ತಾರದ ಬೀಗ. ಆಲಪ್ಪುಳ ಜಿಲ್ಲೆಯ ಮುಟ್ಟಂ ಊರಿನ ಆಲುಮ್ಮೂಟ್ಟಿಲ್ ಮನೆತನದಲ್ಲಿ ಹಿಂದೆ ನಡೆದಿದ್ದ ದುರಂತವೊಂದು ಕಥೆಗೆ ಬೀಜವಾಯಿತು. ತೃಪ್ಪೂಣಿತ್ತುರದ ಹಿಲ್ ಪ್ಯಾಲೇಸ್ ಮತ್ತು ಪದ್ಮನಾಭಪುರದ ಅರಮನೆಯಲ್ಲಿ ಚಿತ್ರೀಕರಣ ನಡೆಯಿತು. ಕೆಲಸ ಬೇಗ ಮುಗಿಸಲು ಪ್ರಿಯದರ್ಶನ್, ಸಿಬಿ ಮಲಯಿಲ್, ಸಿದ್ದಿಕ್–ಲಾಲ್ ಕೂಡ ಎರಡನೇ ತಂಡವಾಗಿ ಕ್ಯಾಮೆರಾ ಹಿಂದೆ ನಿಂತರು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಗಂಗಾ ಪಾತ್ರದ ಶೋಭನಾ ಅತ್ಯುತ್ತಮ ನಟಿಯಾದರು. ಆರೋಗ್ಯಕರ ಮನರಂಜನೆಯ ಜನಪ್ರಿಯ ಚಿತ್ರವೆಂಬ ಪ್ರಶಸ್ತಿಯೂ ಸಿನಿಮಾಕ್ಕೆ ಸಂದಿತು. ಕನ್ನಡದ ಇಬ್ಬರು ಕಲಾವಿದರು ಅಲ್ಲಿದ್ದರೆಂಬುದನ್ನು ನಾವು ಆಗಾಗ ಮರೆಯುತ್ತೇವೆ. ಮನೆಯವರ ಅನುಮಾನಕ್ಕೆ ಗುರಿಯಾಗುವ ಶ್ರೀದೇವಿಯಾಗಿ ವಿನಯಾ ಪ್ರಸಾದ್, ನಾಗವಲ್ಲಿಯ ಪ್ರಿಯಕರನ ಪಾತ್ರದಲ್ಲಿ ಶ್ರೀಧರ್ ನಟಿಸಿದ್ದರು.

ಕಥೆ ಸರಳ. ಹಳೆಯ ಮನೆಯ ಮಹಡಿಯಲ್ಲಿ ಬೀಗ ಹಾಕಿದ ಕೋಣೆ. ಹಿಂದೊಮ್ಮೆ ಆ ಮನೆಯ ಯಜಮಾನ ತಂಜಾವೂರಿನ ನರ್ತಕಿ ನಾಗವಲ್ಲಿಯನ್ನು ಕೊಂದಿದ್ದ ಎಂಬ ಐತಿಹ್ಯ. ಹೊಸದಾಗಿ ಬಂದ ಸೊಸೆ ಗಂಗಾ ಬೀಗ ತೆಗೆಯುತ್ತಾಳೆ. ಮನೆಯಲ್ಲಿ ಒಂದೊಂದೇ ಅನಾಹುತ. ಎಲ್ಲರೂ ಪಿಶಾಚಿಯೆಂದು ನಂಬಿರುವಾಗ ಗಂಡನ ಗೆಳೆಯ, ಮನೋವೈದ್ಯ, ಬಂದು ಹೇಳುತ್ತಾನೆ: ಇಲ್ಲಿ ದೆವ್ವವಿಲ್ಲ, ಇರುವುದು ಗಂಗಾಳ ಮನಸ್ಸಿನ ಗಾಯ. ತಂದೆ–ತಾಯಿ ದೂರದ ಕಲ್ಕತ್ತಾದಲ್ಲಿದ್ದು, ಅಜ್ಜಿಯ ಬಳಿ ಬೆಳೆದ ಒಂಟಿ ಹುಡುಗಿ ಅವಳು, ಕಥೆಗಳನ್ನೇ ಗೆಳತಿಯರಾಗಿಸಿಕೊಂಡವಳು. ಅವಳ ನೋವು ನಾಗವಲ್ಲಿಯ ನೋವಿಗೆ ತಾಳೆಯಾಗಿದೆ. ಮನೆಯ ಬೀಗ ತೆಗೆದದ್ದು ಅವಳೇ. ಅವಳ ಎದೆಯೊಳಗಿನ ಬೀಗವನ್ನು ಮಾತ್ರ ಬೇರೆಯವರು ತೆಗೆಯಬೇಕಿತ್ತು.

ಭಾರತದ ಜನಪ್ರಿಯ ಸಿನಿಮಾದಲ್ಲಿ ಇದು ದೊಡ್ಡ ಮಾತು. ಅದುವರೆಗೆ ನಮ್ಮ ಹಾರರ್ ಚಿತ್ರಗಳು ಹೆಚ್ಚಾಗಿ ದೆವ್ವವನ್ನು ಓಡಿಸಿ ಶುಭಂ ಹಾಕುತ್ತಿದ್ದವು. ಈ ಚಿತ್ರ ಒಬ್ಬ ಹೆಣ್ಣನ್ನು ಗುಣಪಡಿಸಿ ಶುಭಂ ಹಾಕಿತು.

ಗಾಂಧಿನಗರದ ಲೆಕ್ಕ

ಹನ್ನೊಂದು ವರ್ಷದ ನಂತರ ಈ ಕಥೆಯನ್ನು ಕನ್ನಡಕ್ಕೆ ತಂದವರು ನಿರ್ಮಾಪಕ ದ್ವಾರಕೀಶ್ ಮತ್ತು ನಿರ್ದೇಶಕ ಪಿ. ವಾಸು. ಸಾಲು ಸಾಲು ಸೋಲು ಕಂಡು ಕೈ ಸುಟ್ಟುಕೊಂಡಿದ್ದ ದ್ವಾರಕೀಶ್, ವರ್ಷಗಳ ಮುನಿಸು ಮರೆತು ವಿಷ್ಣುವರ್ಧನ್ ಜತೆ ಕೂಡಿದ್ದೇ ದೊಡ್ಡ ಸುದ್ದಿಯಾಗಿತ್ತು. ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ತಾರಾಗಣದಲ್ಲಿದ್ದರು. ಸಂಗೀತ ಗುರುಕಿರಣ್ ಅವರದು. ಚಿತ್ರ ಗೆದ್ದಿತು, ಚೆನ್ನಾಗಿಯೇ ಗೆದ್ದಿತು. ವಿಷ್ಣುವರ್ಧನ್ ಮತ್ತು ಸೌಂದರ್ಯಾ ಇಬ್ಬರಿಗೂ ಫಿಲ್ಮ್‌ಫೇರ್ ಪ್ರಶಸ್ತಿ ಬಂತು; ಸೌಂದರ್ಯಾರದ್ದು ಮರಣೋತ್ತರ.

ರೀಮೇಕ್ ಎಂಬ ಪದ ಕೇಳಿದೊಡನೆ ಕನ್ನಡದ ಚಿತ್ರವಿಮರ್ಶೆ ಮುಖ ಸಿಂಡರಿಸುವ ಕಾಲ ಅದು. ‘ನಮ್ಮಲ್ಲಿ ಕಥೆಗಳಿಗೆ ಬರವೇ?’ ಎಂಬ ಪ್ರಶ್ನೆ ನ್ಯಾಯವಾದದ್ದೂ ಹೌದು. ಆದರೆ ಆಗಿನ ಪರಿಸ್ಥಿತಿಯನ್ನೂ ನೆನೆಯಬೇಕು. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಲಿಖಿತ ನಿಷೇಧವಿತ್ತು. ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಹಾಗಾಗಿ ಮಲಯಾಳದ ಕಥೆಯೊಂದು ಮಂಡ್ಯದ, ಹಾವೇರಿಯ ಪ್ರೇಕ್ಷಕನ ಬಳಿಗೆ ಕನ್ನಡದಲ್ಲಿ ಬರಬೇಕೆಂದರೆ ರೀಮೇಕಿನ ಬಾಗಿಲೊಂದೇ ಇತ್ತು. ನನ್ನಮ್ಮನಂಥವರಿಗೆ ‘ಆಪ್ತಮಿತ್ರ’ ರೀಮೇಕ್ ಆಗಿರಲೇ ಇಲ್ಲ. ಅವರಿಗೆ ಅದೇ ಮೂಲ. ಮೂಲವನ್ನು ನೋಡಿ, ಪಕ್ಕಪಕ್ಕ ಇಟ್ಟು, ಶೋಭನಾ ಮೇಲೋ ಸೌಂದರ್ಯಾ ಮೇಲೋ ಎಂದು ಜನ ತೂಗಲು ಶುರುಮಾಡಿದ್ದು ಮೊಬೈಲು ಕೈಗೆ ಬಂದ ಮೇಲೆ.

ಆದರೆ ಆ ತೂಕ ಹಾಕುವ ಚಟ ನಮ್ಮನ್ನು ಬೇರೆ ದಾರಿ ಹಿಡಿಸಿತು. ಒಂದು ರೀಮೇಕನ್ನು ನೋಡಿ ಕೇಳಬೇಕಾದ್ದು ‘ಎಷ್ಟು ಹಾಗೇ ಇದೆ?’ ಎಂದಲ್ಲ. ಏನನ್ನು ಬದಲಿಸಿದರು, ಯಾಕೆ ಬದಲಿಸಿದರು, ಆ ಬದಲಾವಣೆಯಿಂದ ಭಯ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು. ಭಯದ ಸಿನಿಮಾಕ್ಕೆ ಅದೇ ಸರಿಯಾದ ಒರೆಗಲ್ಲು.

ಪಕ್ಕದೂರಿನ ಭಾಷೆಯಲ್ಲಿ ಮಾತಾಡುವ ದೆವ್ವ

ಒಂದು ಸಂಗತಿ ಗಮನಿಸಿ. ಮಲಯಾಳದ ನಾಗವಲ್ಲಿ ತಮಿಳಿನವಳು. ಕನ್ನಡದ ನಾಗವಲ್ಲಿ ತೆಲುಗಿನವಳು. ‘ರಾ ರಾ’ ಹಾಡು ಕನ್ನಡ ಸಿನಿಮಾದಲ್ಲಿದ್ದೂ ತೆಲುಗಿನಲ್ಲಿರುವುದು ಅದಕ್ಕೇ. 2005ರ ಏಪ್ರಿಲ್ 14ಕ್ಕೆ ಬಂದ ತಮಿಳಿನ ‘ಚಂದ್ರಮುಖಿ’ಯಲ್ಲೂ ನರ್ತಕಿ ಆಂಧ್ರದವಳು. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ, ರಾಜಸ್ಥಾನದ ಹವೇಲಿಯೊಳಗೆ ಕುಣಿಯುವ ಮಂಜುಲಿಕಾ ಬಂಗಾಳದವಳು. ಎಲ್ಲ ಕಡೆಯೂ ಮೈಮೇಲೆ ಬರುವವಳು ಮನೆಯ ಮಾತಾಡುವುದಿಲ್ಲ, ಪರವೂರಿನ ಮಾತಾಡುತ್ತಾಳೆ.

ಇದು ಬರೀ ಚಮತ್ಕಾರವಲ್ಲ. ಹೆಂಡತಿ ಇದ್ದಕ್ಕಿದ್ದಂತೆ ನಮಗೆ ಅರ್ಧ ಅರ್ಥವಾಗುವ, ಅರ್ಧ ಅರ್ಥವಾಗದ ಭಾಷೆಯಲ್ಲಿ ಸಿಡಿದಾಗ ಹುಟ್ಟುವ ನಡುಕ, ಅವಳು ಪೂರ್ತಿ ಅಪರಿಚಿತ ಭಾಷೆಯಾಡಿದರೆ ಹುಟ್ಟುವುದಿಲ್ಲ. ಮಲಯಾಳದಲ್ಲಿ ಈ ಪರಿಣಾಮಕ್ಕಾಗಿ ಶೋಭನಾಗೆ ಎರಡು ಕಂಠ ಬಳಸಿದರು: ಗಂಗಾಳಿಗೆ ಭಾಗ್ಯಲಕ್ಷ್ಮಿಯವರ ದನಿ, ತಮಿಳಾಡುವ ನಾಗವಲ್ಲಿಗೆ ದುರ್ಗಾ ಅವರ ದನಿ. ಕನ್ನಡಕ್ಕೆ ತೆಲುಗನ್ನು ಆರಿಸಿದ್ದು ವಾಸು ತಂಡದ ಜಾಣತನ. ಕೋಲಾರದ ಮುಳಬಾಗಿಲಿನ ಕಡೆಯ, ತೆಲುಗು ಚಿತ್ರರಂಗದಲ್ಲಿ ಮನೆಮಾತಾದ ಸೌಂದರ್ಯಾ ಆ ಪಾತ್ರಕ್ಕೆ ಸಿಕ್ಕದ್ದು ಅದೃಷ್ಟ. ಎರಡು ನುಡಿಗಳ ಗಡಿಯಿಂದ ಬಂದ ನಟಿ, ಎರಡು ಮನಸ್ಸುಗಳ ಗಡಿಯಲ್ಲಿ ಸಿಕ್ಕಿಬಿದ್ದ ಹೆಣ್ಣಾದರು. ಎರಡು ವರ್ಷದ ಹಿಂದಷ್ಟೇ, ತಾವೇ ನಿರ್ಮಿಸಿದ ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ ನಾಗಿಯಾಗಿ, ದನಿ ಏರಿಸದೆ ಇಡೀ ಚಿತ್ರ ಹೊತ್ತಿದ್ದರು, ಆ ಚಿತ್ರಕ್ಕೆ ಸ್ವರ್ಣಕಮಲ ಬಂದಿತ್ತು. ‘ಆಪ್ತಮಿತ್ರ’ದ ಮೊದಲರ್ಧದ ಗಂಗಾಳಲ್ಲಿ ಅದೇ ನಾಗಿಯ ನೆರಳಿದೆ: ಮೆಲುಮಾತು, ಕುತೂಹಲದ ಕಣ್ಣು, ಒಳಗೊಳಗೇ ಏನನ್ನೋ ಹತ್ತಿಕ್ಕಿದ ನಗು. ನಮ್ಮ ವಿಮರ್ಶೆ ಹೆಚ್ಚಾಗಿ ಬರೆದದ್ದು ಕೊನೆಯರ್ಧದ ಅಬ್ಬರದ ಬಗ್ಗೆ. ಆ ಅಬ್ಬರಕ್ಕೆ ಅರ್ಥ ಬಂದದ್ದು ಮೊದಲರ್ಧದ ಮೌನದಿಂದ.

ನಾಯಕನಿಗೆ ಜಾಗ ಮಾಡಿಕೊಟ್ಟಾಗ

ಮಲಯಾಳದಲ್ಲಿ ಮನೋವೈದ್ಯನ ಪಾತ್ರದ ಮೋಹನ್‌ಲಾಲ್ ತೆರೆಗೆ ಬರುವಷ್ಟರಲ್ಲಿ ಕಥೆ ಸುಮಾರು ಅರ್ಧ ದಾರಿ ಸವೆದಿರುತ್ತದೆ. ಅಷ್ಟು ಹೊತ್ತಿಗೆ ಮನೆಯೂ ಮನೆಮಂದಿಯೂ ಗಂಗಾಳೂ ನಮಗೆ ಆಪ್ತರಾಗಿರುತ್ತಾರೆ. ವೈದ್ಯ ಬಂದಾಗ ನಮ್ಮ ಮನೆಗೇ ಬಂದಂತೆ. ಕನ್ನಡದಲ್ಲಿ, ತಮಿಳಿನಲ್ಲಿ ಹಾಗೆ ಮಾಡುವಂತಿರಲಿಲ್ಲ. ವಿಷ್ಣುವರ್ಧನ್ ಅಭಿಮಾನಿ, ರಜನೀಕಾಂತ್ ಅಭಿಮಾನಿ ಅರ್ಧ ಸಿನಿಮಾ ಕಾಯುವನೇ? ಎಂಟ್ರಿ ಬೇಕು, ಹೊಡೆದಾಟ ಬೇಕು, ಹಾಡು ಬೇಕು.

ಇದಕ್ಕಿಂತ ದೊಡ್ಡ ಬದಲಾವಣೆ ಬೇರೆಯದಿತ್ತು. ಮೂಲದಲ್ಲಿ ನಾಗವಲ್ಲಿಯ ಕಣ್ಣಿಗೆ ಕೊಲೆಗಡುಕ ಯಜಮಾನನಾಗಿ ಕಾಣುವುದು ಗಂಗಾಳ ಗಂಡ. ಒಂದೇ ಹಾಸಿಗೆಯಲ್ಲಿ ಮಲಗುವವಳು, ಬೆಳಿಗ್ಗೆ ಕಾಫಿ ಕೊಡುವವಳು ನನ್ನನ್ನೇ ಕೊಲ್ಲಬಯಸುತ್ತಾಳೆ ಎಂಬ ಭಯ ಅಲ್ಲಿದೆ. ಅದು ಸಂಸಾರದೊಳಗಿನ ಭಯ. ವಾಸು ಅವರ ಕನ್ನಡ, ತಮಿಳು ಚಿತ್ರಗಳಲ್ಲಿ ರಾಜನ ಪಾತ್ರಕ್ಕೂ ನಾಯಕನದೇ ಮುಖ ಬಂತು. ವಿಷ್ಣುವರ್ಧನ್ ವಿಜಯ ರಾಜೇಂದ್ರ ಬಹದ್ದೂರ್ ಆಗಿ ಘರ್ಜಿಸಿದಾಗ ಚಿತ್ರಮಂದಿರ ಶಿಳ್ಳೆಯಲ್ಲಿ ಮುಳುಗಿತು. ತಮಿಳಿನಲ್ಲಿ ವೇಟ್ಟೈಯನ್ ರಾಜನಾಗಿ ರಜನಿ ‘ಲಕಲಕಲಕ’ ಎಂದದ್ದು ಮಕ್ಕಳ ಬಾಯಲ್ಲೂ ಓಡಾಡಿತು. ಶಿಳ್ಳೆ ಬಿದ್ದಲ್ಲಿ ಭಯ ಉಳಿಯುವುದು ಕಷ್ಟ. ಕೊನೆಯ ಸೆಣಸಾಟ ಸಂಸಾರದ ಕೋಣೆಯಿಂದ ತಾರೆಯ ವೇದಿಕೆಗೆ ಬಂತು. ಮಾರುಕಟ್ಟೆಯ ಲೆಕ್ಕದಲ್ಲಿ ಇದು ಸರಿಯಾದ ನಡೆ. ‘ಬಾಬಾ’ದ ಸೋಲಿನ ನಂತರ ರಜನಿಯನ್ನು ಎತ್ತಿ ನಿಲ್ಲಿಸಿದ ‘ಚಂದ್ರಮುಖಿ’ ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ 800ಕ್ಕೂ ಹೆಚ್ಚು ದಿನ ಓಡಿತು. ಕಥೆಯ ಲೆಕ್ಕದಲ್ಲಿ ಮಾತ್ರ ಗಂಗಾಳ ಪಾಲು ಕಡಿಮೆಯಾಯಿತು. ಅದರ ಜತೆಗೆ ‘ಚಂದ್ರಮುಖಿ’ಯಲ್ಲಿ ಕೊನೆಯವರೆಗೂ ವಿವರಣೆ ಸಿಗದ ದೊಡ್ಡ ಹಾವೊಂದು ಹರಿದಾಡುತ್ತದೆ. ವೈದ್ಯ ‘ದೆವ್ವವಿಲ್ಲ’ ಎನ್ನುತ್ತಿರುವಾಗ, ಹಾವು ‘ಏನೋ ಇದೆ’ ಎನ್ನುತ್ತದೆ.

ಹಿಂದಿಯಲ್ಲಿ ಪ್ರಿಯದರ್ಶನ್ ಬೇರೆ ದಾರಿ ಹಿಡಿದರು. ಮೂಲದಲ್ಲೇ ಕೆಲಸ ಮಾಡಿದ್ದ ಅವರು ಹದಿನಾಲ್ಕು ವರ್ಷದ ನಂತರ ‘ಭೂಲ್ ಭುಲಯ್ಯಾ’ ಮಾಡುವಾಗ ಅಕ್ಷಯ್ ಕುಮಾರ್ ಅವರನ್ನು ತಡವಾಗಿಯೇ ತಂದರು, ಸಿಟ್ಟಿನ ಗುರಿಯಾಗಿ ಗಂಡನನ್ನೇ ಉಳಿಸಿಕೊಂಡರು. ಬಿಡುಗಡೆಯ ವಾರದಲ್ಲಿ ಅದಕ್ಕೆ ಬಂದ ವಿಮರ್ಶೆ ಮಿಶ್ರವಾಗಿತ್ತು. ವಿದ್ಯಾ ಬಾಲನ್‌ಗೆ ಮೆಚ್ಚುಗೆ, ಹಾಸ್ಯಕ್ಕೆ ಟೀಕೆ. ಇವತ್ತು ಅದೇ ಚಿತ್ರವನ್ನು ಹಿಂದಿ ಪ್ರೇಕ್ಷಕರು ಕಣ್ಣಿಗೊತ್ತಿಕೊಳ್ಳುತ್ತಾರೆ. ಮೊದಲ ವಾರದ ತೀರ್ಪು ಕಥೆಯ ಆಯುಷ್ಯವನ್ನು ಹೇಳುವುದಿಲ್ಲ.

ಬೀದಿಯಲ್ಲಿ ಬಂದ ವಿಮರ್ಶೆ

ಪತ್ರಿಕೆಯಲ್ಲಿ ಅಚ್ಚಾಗುವುದೊಂದೇ ವಿಮರ್ಶೆಯಲ್ಲ. ಜನ ಜಗಲಿಯಲ್ಲಿ ಕೂತು ಆಡಿಕೊಳ್ಳುವುದೂ ವಿಮರ್ಶೆಯೇ. ‘ಆಪ್ತಮಿತ್ರ’ದ ಪಾಲಿಗೆ ಬೀದಿಯ ವಿಮರ್ಶೆ ಬಹಳ ಕ್ರೂರವಾಗಿತ್ತು. ಸೌಂದರ್ಯಾ ಹೋದರು. 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತವಾಗಿ ವಿಷ್ಣುವರ್ಧನ್ ಹೋದರು. ‘ಆಪ್ತಮಿತ್ರ’ದ ಮುಂದುವರಿಕೆಯಾದ ಅವರ ‘ಆಪ್ತರಕ್ಷಕ’ 2010ರ ಫೆಬ್ರವರಿಯಲ್ಲಿ, ಅವರಿಲ್ಲದೆ ತೆರೆಗೆ ಬಂತು. ಅಲ್ಲಿಗೆ ‘ನಾಗವಲ್ಲಿ ಶಾಪ’ ಎಂಬ ಮಾತು ಊರೂರಲ್ಲಿ ಹಬ್ಬಿತು. ಮನೆಯಲ್ಲಿ ‘ರಾ ರಾ’ ಹಾಡು ಹಾಕಬಾರದು, ನಾಗವಲ್ಲಿಯ ಚಿತ್ರಪಟ ಇಟ್ಟುಕೊಳ್ಳಬಾರದು ಎಂದು ಹೇಳುವವರನ್ನು ನಾನೇ ಕಂಡಿದ್ದೇನೆ.

ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಮೊದಲ ನಾಗವಲ್ಲಿ ಶೋಭನಾ ಇಂದಿಗೂ ನೃತ್ಯ ಮಾಡುತ್ತಿದ್ದಾರೆ. 2025ರಲ್ಲಿ ಪದ್ಮಭೂಷಣ ಪಡೆದರು. ತಮಿಳಿನ ಜ್ಯೋತಿಕಾ, ಹಿಂದಿಯ ವಿದ್ಯಾ ಬಾಲನ್ ಇಬ್ಬರೂ ನಟಿಸುತ್ತಲೇ ಇದ್ದಾರೆ. ಈ ಕಥೆಯನ್ನು ಹಣ ಹಾಕಿ ಕನ್ನಡಕ್ಕೆ ತಂದ ದ್ವಾರಕೀಶ್, ಅದಾದ ಮೇಲೆ ಇಪ್ಪತ್ತು ವರ್ಷ ಬದುಕಿ, 2024ರ ಏಪ್ರಿಲ್‌ನಲ್ಲಿ 81ನೇ ವಯಸ್ಸಿನಲ್ಲಿ ತೀರಿಕೊಂಡರು. ವಿಮಾನಕ್ಕೂ ಹೃದಯಕ್ಕೂ ನಾಗವಲ್ಲಿ ಗೊತ್ತಿಲ್ಲ.

ಆದರೂ ಮಾತು ಹಬ್ಬಿತು. ಎರಡು ಗಂಟೆಗೂ ಮಿಕ್ಕಿ ಕೂತು ‘ಇದು ದೆವ್ವ ಅಲ್ಲ, ಕಾಯಿಲೆ’ ಎಂದು ಹೇಳುವ ಸಿನಿಮಾ ನೋಡಿ, ನಾವು ಹೊರಗೆ ಬಂದು ‘ದೆವ್ವವೇ’ ಎಂದೆವು. ಚಿತ್ರರಂಗವೂ ನಮ್ಮ ಮಾತನ್ನೇ ಹಿಡಿಯಿತು. ‘ಆಪ್ತರಕ್ಷಕ’ದಲ್ಲಿ ಕಾಲವಾಗಿರಬೇಕಿದ್ದ ರಾಜನೇ ಇನ್ನೂ ಬದುಕಿದ್ದಾನೆ. 2022ರ ‘ಭೂಲ್ ಭುಲಯ್ಯಾ 2’ರಲ್ಲಿ ಮನೋವೈದ್ಯನ ಜಾಗಕ್ಕೆ ನಿಜವಾದ ದೆವ್ವ ಬಂತು. 2023ರ ‘ಚಂದ್ರಮುಖಿ 2’ ಕೂಡ ಅದೇ ಹಾದಿ ಹಿಡಿಯಿತು. ಒಂದೊಂದು ಮುಂದುವರಿಕೆಯಲ್ಲೂ ವೈದ್ಯ ಹಿಂದೆ ಸರಿದ, ಮಾಂತ್ರಿಕ ಮುಂದೆ ಬಂದ. ಈ ಕಥೆಯ ಮೂವತ್ತು ವರ್ಷದ ಪಯಣದಲ್ಲಿ ನನ್ನನ್ನು ಕಾಡುವ ಸಂಗತಿ ಇದೇ.

ಬೇವಿನ ಸೊಪ್ಪಿನ ಏಟು

ಯಾಕೆ ಕಾಡುತ್ತದೆಂದು ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಳು. ಮದುವೆಯಾಗಿ ಬಂದ ಎರಡನೇ ವರ್ಷ ಅವಳಿಗೆ ‘ಗಾಳಿ ಸೋಂಕು’ ಆಯಿತು ಎಂದರು. ರಾತ್ರಿ ಎದ್ದು ಕೂತು ತನ್ನದಲ್ಲದ ದನಿಯಲ್ಲಿ ಮಾತಾಡುತ್ತಿದ್ದಳು. ನಿಂಬೆಹಣ್ಣು ಮಂತ್ರಿಸಿದರು, ತಾಯತ ಕಟ್ಟಿದರು, ಜುಟ್ಟು ಹಿಡಿದು ಬೇವಿನ ಸೊಪ್ಪಿನಲ್ಲಿ ಹೊಡೆದು ‘ಯಾರು ನೀನು, ಹೇಳು’ ಎಂದು ಕೇಳಿದರು. ಕಿಟಕಿಯಿಂದ ಇಣುಕುತ್ತಿದ್ದ ನಮಗೆ ಅದೊಂದು ತಮಾಷೆ. ‘ನಿನಗೇನಾಗಿದೆ’ ಎಂದು ಅವಳನ್ನು ಕೇಳಿದವರನ್ನು ನಾನು ನೋಡಲಿಲ್ಲ. ಕೊನೆಗೆ ತವರಿನವರು ಬೆಂಗಳೂರಿಗೆ ಕರೆದೊಯ್ದು ಆಸ್ಪತ್ರೆಗೆ ತೋರಿಸಿದರು. ತಿಂಗಳುಗಟ್ಟಲೆ ಮಾತು, ಮಾತ್ರೆ. ನಿಧಾನಕ್ಕೆ ಚೇತರಿಸಿಕೊಂಡಳು.

ಎಲ್ಲರಿಗೂ ಅವಳ ಅದೃಷ್ಟ ಇರುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆಗೆಂದು ತಂದು ಬಿಟ್ಟಿದ್ದ ಮನೋರೋಗಿಗಳ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 25ಕ್ಕೂ ಹೆಚ್ಚು ಮಂದಿ ಸುಟ್ಟುಹೋದರು. ‘ಆಪ್ತಮಿತ್ರ’ ಬರುವುದಕ್ಕೆ ಮೂರು ವರ್ಷ ಮುಂಚಿನ ಮಾತಿದು. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಹಾಗೆಂದು ಸಿನಿಮಾದ ವೈದ್ಯ ಮಾಡಿದ್ದೆಲ್ಲ ಸರಿಯೆಂದಲ್ಲ. ಅಲ್ಲಿ ‘ಸ್ಪ್ಲಿಟ್ ಪರ್ಸನಾಲಿಟಿ’ ಎಂದು ಹೇಳುವುದನ್ನು ವೈದ್ಯಶಾಸ್ತ್ರ ಈಗ ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎನ್ನುತ್ತದೆ. ದುರ್ಗಾಷ್ಟಮಿಯ ಒಂದೇ ರಾತ್ರಿಯಲ್ಲಿ, ಬೊಂಬೆಯೊಂದನ್ನು ಕಡಿಸಿ ಅದು ವಾಸಿಯಾಗುವುದಿಲ್ಲ. ನಿಜವಾದ ಚಿಕಿತ್ಸೆ ವರ್ಷಗಳ ತಾಳ್ಮೆಯ ಕೆಲಸ. ಮಾಂತ್ರಿಕನನ್ನೂ ಜತೆಗಿಟ್ಟುಕೊಂಡು ವೈದ್ಯ ಆಡುವ ಆಟವನ್ನು ಟೀಕಿಸಿದವರ ಮಾತಲ್ಲಿ ಹುರುಳಿದೆ. ಆದರೂ ಒಂದು ವಿಷಯದಲ್ಲಿ ಕಥೆ ಗಟ್ಟಿಯಾಗಿ ನಿಂತಿತು. ಮನೆಮಂದಿಯೆಲ್ಲ ಕನ್ನಡದಲ್ಲಿ ಸೌಮ್ಯಾ ಎಂಬವಳ ಮೇಲೆ, ಮಲಯಾಳದಲ್ಲಿ ಜಾತಕದೋಷದ ಶ್ರೀದೇವಿಯ ಮೇಲೆ ಬೆರಳು ತೋರಿಸುವಾಗ, ವೈದ್ಯ ಆ ಬೆರಳನ್ನು ಇಳಿಸುತ್ತಾನೆ. ಸಿಕ್ಕಿಬಿದ್ದವಳನ್ನು ಅಪರಾಧಿಯೆನ್ನದೆ ರೋಗಿಯೆನ್ನುತ್ತಾನೆ. ಜುಟ್ಟು ಹಿಡಿದು ‘ಯಾರು ನೀನು’ ಎನ್ನುವುದಿಲ್ಲ. ಅವಳ ಬಾಲ್ಯ ಹೇಗಿತ್ತು ಎಂದು ಕೇಳುತ್ತಾನೆ. ಇಂಥ ಕಥೆಯನ್ನು ಇನ್ನು ಮುಂದೆ ಯಾರೇ ಮತ್ತೆ ಮಾಡಲಿ, ಬಟ್ಟೆ ಬದಲಿಸಲಿ, ಹಾಡು ಬದಲಿಸಲಿ, ನಾಯಕನಿಗೆ ಬೇಕಾದಷ್ಟು ಹೊಡೆದಾಟ ಕೊಡಲಿ. ಆ ಒಂದು ಪ್ರಶ್ನೆಯನ್ನು ತೆಗೆದರೆ ಮಾತ್ರ ಉಳಿಯುವುದು ಗೆಜ್ಜೆಯ ಸದ್ದಷ್ಟೇ.

2024ರ ಆಗಸ್ಟ್‌ನಲ್ಲಿ ‘ಮಣಿಚಿತ್ರತ್ತಾಳ್’ ಹೊಸ ಹೊಳಪಿನೊಂದಿಗೆ ಮತ್ತೆ ಚಿತ್ರಮಂದಿರಕ್ಕೆ ಬಂತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ಬೀದಿಯ ಆ ಅಕ್ಕ. ಅವತ್ತು ನಾವು ಮಂಡ್ಯದಿಂದ ‘ಆಪ್ತಮಿತ್ರ’ ನೋಡಿಕೊಂಡು ಬಂದಾಗ ಅವಳು ತನ್ನ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅಮ್ಮ ನಿಂತು, ವಿಷ್ಣು ಹೇಗೆ ಮಾಡಿದ್ದಾನೆ, ಸೌಂದರ್ಯಾ ಹೇಗೆ ಕುಣಿದಿದ್ದಾಳೆ ಎಂದೆಲ್ಲ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಕಾಯಿ ಬಿಡಿಸುವ ಕೈ ಮಾತ್ರ ನಿಂತಿತ್ತು.

“ಆ ಹುಡುಗಿ ಕೊನೇಗೆ ಹುಷಾರಾದ್ಲಾ ಅಕ್ಕಾ?” ಎಂದು ಅಮ್ಮನನ್ನು ಕೇಳಿದಳು.

“ಹೂಂ ಕಣವ್ವ, ಹುಷಾರಾದ್ಲು” ಎಂದಳು ಅಮ್ಮ.

“ಸದ್ಯ” ಎಂದು ಆಕೆ ಮತ್ತೆ ಮೊರಕ್ಕೆ ಕೈಹಾಕಿದಳು.